ಇಪ್ಪತ್ತೈದಕ್ಕೆ ಒಂದು ಪಾಲು ಎಣ್ಣೆ

ಶಿರಾಳಕೊಪ್ಪ

ಪರದೇಶಕ್ಕೆ ಹೋದ ಹೆಂಗಸು ಏನೇನು ನೋಡಬೇಕು ಎಂಬುದರ ಬಗ್ಗೆ ನಮ್ಮ ಕಡೆ ಎಲ್ಲರಿಗೂ ಖಚಿತವಾದ ಅಭಿಪ್ರಾಯವಿದೆ. ದೇವಸ್ಥಾನ ನೋಡಬೇಕು, ಸೀರೆ ಅಂಗಡಿ ನೋಡಬೇಕು, ಸಮುದ್ರವನ್ನು ದಡದಲ್ಲಿ ನಿಂತು ನೋಡಬೇಕು. ಶ್ರೀಲಂಕೆಯಲ್ಲಿ ನಾನು ಕಣ್ಣಿಟ್ಟು ನೋಡಿದ್ದು ಒಂದು ದೋಣಿಯ ಇಂಜಿನ್ನನ್ನು. ಅದಕ್ಕಾಗಿ ಯಾರ ಕ್ಷಮೆಯನ್ನೂ ಕೇಳುವ ಇರಾದೆ ನನಗಿಲ್ಲ.

ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ರಿಪೇರಿ ಅಂಗಡಿಯಿದೆ. ಹುಲ್ಲು ಹೊಡೆಯುವ ಮೆಷಿನ್ನು, ಔಷಧಿ ಹೊಡೆಯುವ ಪಂಪು ಇಂಥವು ಬರುತ್ತವೆ. ಇವೆಲ್ಲ ಟೂ-ಸ್ಟ್ರೋಕ್ ಇಂಜಿನ್ನುಗಳು. ಕಾರಿಗೆ ಹಾಕುವ ಹಾಗೆ ಇವಕ್ಕೆ ಆಯಿಲ್ ಬೇರೆಯಾಗಿ ಹಾಕಲು ಬರುವುದಿಲ್ಲ, ಪೆಟ್ರೋಲಿನಲ್ಲೇ ಬೆರೆಸಿ ಕುಡಿಸಬೇಕು. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಜಾಸ್ತಿಯಾದರೆ ಹೊಗೆ ಕಾರುತ್ತದೆ, ಪ್ಲಗ್ಗಿಗೆ ಮಸಿ ಹಿಡಿದು ಇಂಜಿನ್ ನಿಲ್ಲುತ್ತದೆ. ನನ್ನ ಅರ್ಧ ಆಯುಷ್ಯ ಈ ಅಳತೆಯ ಜಗಳದಲ್ಲೇ ಕಳೆದಿದೆ. ‘ಕಣ್ಣಳತೆ ಮೇಲೆ ಹಾಕಿದ್ದೆ ಅಕ್ಕಾರೆ’ ಎನ್ನುತ್ತಾರೆ, ಕಚ್ಚಿಕೊಂಡ ಪಿಸ್ಟನ್ ಹೊತ್ತು ತಂದವರು. ‘ಹೆಂಗಸು ಬಿಚ್ಚಿದ ಇಂಜಿನ್ನು ಮತ್ತೆ ಕೂಡ್ತದಾ?’ ಎಂದು ಅಂಗಡಿ ತೆರೆದ ಹೊಸತರಲ್ಲಿ ಕೇಳಿದವರೂ ಅವರೇ. ಕೂಡಿವೆ. ಅವರವರ ಗದ್ದೆಯ ಬದುಗಳಲ್ಲಿ ಈಗಲೂ ಓಡುತ್ತಿವೆ.

ಶಿಕಾರಿಪುರದ ಸತೀಶಣ್ಣ ನಮ್ಮ ಸುತ್ತಿನ ಊರುಗಳವರನ್ನು ಕಟ್ಟಿಕೊಂಡು ಆಗಾಗ ಪ್ರವಾಸ ಹೊರಡುತ್ತಾರೆ. ಈ ಸಲ ಲಂಕೆ ಎಂದಾಗ ನನ್ನ ಗಂಡ, ‘ನಂಗೆ ಜೋಗದ ಬಸ್ಸಲ್ಲೇ ವಾಂತಿ ಬರ್ತದೆ. ಅಕ್ಕನ್ನ ಕರ್ಕೊಂಡು ಹೋಗು’ ಎಂದರು. ಅವರ ಅಕ್ಕ ಶಾರದಕ್ಕ ಸೊರಬ ತಾಲ್ಲೂಕಿನ ಉಳವಿಯವರು. ಅರವತ್ತು ದಾಟಿದ್ದಾರೆ. ದನಿ ಗಟ್ಟಿ, ಅಭಿಪ್ರಾಯ ಇನ್ನೂ ಗಟ್ಟಿ. ಚೀಲದಲ್ಲಿ ಅವಲಕ್ಕಿ, ಉಪ್ಪಿನಕಾಯಿಯ ಜೊತೆ ಒಂದು ತೆಂಗಿನಕಾಯಿಯನ್ನೂ ಹೊತ್ತು ತಂದಿದ್ದರು. ಲಂಕೆಯಲ್ಲಿ ತೆಂಗು ಸಿಗುವುದಿಲ್ಲವೇ ಎಂದರೆ, ‘ಅವರದ್ದು ಹೆಂಗಿರ್ತದೋ ಎಂತದೋ’ ಎಂದರು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದನ್ನು ತೆಗೆಸಿದರು. ತೆಗೆಸಿದವನಿಗೆ, ಬಿಸಾಡಬೇಡ, ಮನೆಗೆ ಒಯ್ದು ಚಟ್ನಿ ಮಾಡಿಸು ಎಂದು ಅಪ್ಪಣೆ ಕೊಟ್ಟೇ ಶಾರದಕ್ಕ ಮುಂದೆ ಬಂದದ್ದು.

ಕಲ್ಪಿಟಿಯ

ಲಂಕೆಯ ವಾಯವ್ಯ ಕರಾವಳಿಯಲ್ಲಿ ನೆಲ ಬೆರಳಿನಂತೆ ನೀರಿನೊಳಗೆ ಚಾಚಿಕೊಂಡಿದೆ. ಒಂದು ಪಕ್ಕ ತೆರೆದ ಸಮುದ್ರ, ಇನ್ನೊಂದು ಪಕ್ಕ ಅಲುಗದ ಉಪ್ಪುನೀರು. ಕಲ್ಪಿಟಿಯ ಎಂಬ ಆ ಕಡೆಯ ಒಂದು ಮೀನುಗಾರರ ಹಳ್ಳಿಯಲ್ಲಿ ನಾವು ತಂಗಿದೆವು. ಅಲ್ಲಿಂದ ದೋಣಿಯಲ್ಲಿ ಹೋಗಿ ಡಾಲ್ಫಿನ್ ನೋಡುವುದೆಂದು ಮೊದಲೇ ನಿಗದಿಯಾಗಿತ್ತು.

ಅಲ್ಲಿನವರದು ತಮಿಳು. ನನಗೆ ತಮಿಳು ಬಾರದು. ಆದರೆ ಕಿವಿಗೊಟ್ಟು ಕೇಳುತ್ತಾ ಹೋದಂತೆ ಒಂದು ದಾರಿ ಸಿಕ್ಕಿತು: ನಮ್ಮ ಹಕಾರ ಅವರ ಬಾಯಲ್ಲಿ ಪಕಾರ. ಹಾಲು ಅವರಿಗೆ ಪಾಲ್, ಹತ್ತು ಪತ್ತು, ಹೊಗೆ ಪುಗೈ. ಎಣ್ಣೆ ಮಾತ್ರ ಹೆಚ್ಚುಕಡಿಮೆ ಎಣ್ಣೆಯೇ. ನಾವು ಸೀಮೆಎಣ್ಣೆ ಎನ್ನುವುದಕ್ಕೆ ಅವರು ಮಣ್ಣೆಣ್ಣೆ ಎನ್ನುತ್ತಾರೆ. ದೂರದ ಸೀಮೆಯಿಂದ ಬಂತೆಂದು ನಾವು ಹೆಸರಿಟ್ಟೆವು, ನೆಲದೊಳಗಿಂದ ಬಂತೆಂದು ಅವರು ಇಟ್ಟರು. ಅವರದೇ ಸರಿ ಅನ್ನಿಸಿತು.

ಬೆಳಗಿನ ತಿಂಡಿಗೆ ನಮ್ಮ ಒತ್ತು ಶಾವಿಗೆಯಂಥದೇ ಕೊಟ್ಟರು, ಕೆಂಪಕ್ಕಿಯದು. ಜೊತೆಗೆ ಕಾಯಿತುರಿ, ಮೆಣಸಿನಕಾಯಿ ಹಾಕಿ ಕುಟ್ಟಿದ ಚಟ್ನಿ. ಶಾರದಕ್ಕ ಎರಡು ಸಲ ಹಾಕಿಸಿಕೊಂಡು ತಿಂದು, ಇದರಲ್ಲಿ ಎಂಥದೋ ಒಂದು ರುಚಿ ಇದೆ, ಕೇಳು ಎಂದರು. ಕೇಳಿದೆ. ಒಣಮೀನಿನ ಪುಡಿ ಎಂದರು ಬಡಿಸುತ್ತಿದ್ದವರು. ಹುಟ್ಟಿದಾರಭ್ಯ ಮೊಟ್ಟೆಯನ್ನೂ ಮುಟ್ಟದ ಶಾರದಕ್ಕ ತಟ್ಟೆಯನ್ನು ಆಚೆ ಸರಿಸಿದರು. ಕೊನೆಗೆ, ‘ಊರಲ್ಲಿ ಬಾಯಿ ಬಿಟ್ಟೆ ಅಂದ್ರೆ ನೋಡು’ ಎಂದರು. ಬಾಯಿ ಬಿಟ್ಟಿಲ್ಲ, ಬರೆದಿದ್ದೇನೆ. ಅದೂ ಅವರಿಗೆ ಓದಿ ಹೇಳಿಯೇ.

ಮರಳಿನ ದಡ

ದೋಣಿ ಹೊರಡುವ ಜಾಗಕ್ಕೆ ಹೋದರೆ ನಮ್ಮ ಶಿರಾಳಕೊಪ್ಪದ ಖಾಸಗಿ ಬಸ್ಸುಗಳ ಪಾಳಿಯೇ ನೆನಪಾಯಿತು. ದೋಣಿಗಳು ಸಾಲಾಗಿ ಮೂತಿಯನ್ನು ಮರಳಿಗೆ ಒತ್ತಿಕೊಂಡು ನಿಂತಿರುತ್ತವೆ. ತುದಿಯಲ್ಲಿದ್ದ ದೋಣಿಗೆ ಮೊದಲು ಜನ. ಯಾರು ಯಾವ ದೋಣಿ ಹತ್ತಬೇಕೆಂದು ಹೇಳುವವನು ಫ್ರೆಡ್ಡಿ ಎಂಬ ದಪ್ಪ ಮನುಷ್ಯ. ಅವನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ಸತೀಶಣ್ಣನಿಗೆ ಅವನೇ ಆಸರೆ.

ಸಾಲಿನಲ್ಲಿ ಒಂದು ದೋಣಿ ಮಾತ್ರ ನೀಲಿ ಹೊಗೆ ಬಿಡುತ್ತಿತ್ತು. ಅದರ ಹಿಂಬದಿಯಲ್ಲಿ ಇಂಜಿನ್ನಿನ ಹಿಡಿ ಹಿಡಿದು ಕೂತವಳು ಒಬ್ಬ ಹೆಂಗಸು. ನಲವತ್ತರ ಆಸುಪಾಸು, ಗಂಡಸರ ಅಂಗಿ, ಉದ್ದ ಲಂಗ. ಹೆಸರು ಜೆಸಿಂತಾ ಎಂದು ಆಮೇಲೆ ತಿಳಿಯಿತು. ಪಾಳಿಯ ಪ್ರಕಾರ ಅವಳದೇ ಸರದಿ. ಫ್ರೆಡ್ಡಿ ಅವಳನ್ನು ದಾಟಿ ಮುಂದಿನ ದೋಣಿಗೆ ನಮ್ಮವರನ್ನು ಹತ್ತಿಸತೊಡಗಿದ.

‘ಆ ದೋಣಿ ಯಾಕೆ ಬೇಡ?’ ಎಂದೆ.

ಫ್ರೆಡ್ಡಿ ನಕ್ಕ. ಐವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ ಹಾಕಬೇಕು, ಈ ಹೆಂಗಸಿಗೆ ಅಷ್ಟೂ ಗೊತ್ತಿಲ್ಲ, ಎರಡರಷ್ಟು ಸುರಿಯುತ್ತಾಳೆ, ಹೊಗೆ ನೋಡಿ ಎಂದ.

ಜೆಸಿಂತಾಗೆ ಇಂಗ್ಲಿಷ್ ಅಷ್ಟಾಗಿ ಬಾರದಿದ್ದರೂ ತನ್ನ ಬಗ್ಗೆ ಎಂದು ಗೊತ್ತಾಯಿತು. ಇಂಜಿನ್ ಮೇಲೆ ಅಂಗೈಯಿಂದ ತಟ್ಟಿ, ‘ಪುದು ಪಿಸ್ಟನ್! ಪುದು ರಿಂಗ್!’ ಎಂದು ಕೂಗಿದಳು. ಪುದು ಎಂದರೆ ಹೊಸದು. ನನಗೆ ಅಷ್ಟು ಸಾಕಾಯಿತು. ಪಿಸ್ಟನ್ನಿಗೆ ಸುತ್ತಿದ ಹೊಸ ರಿಂಗು ಸಿಲಿಂಡರಿಗೆ ಹೊಂದಿಕೊಳ್ಳುವ ತನಕ ಎಣ್ಣೆ ಎರಡರಷ್ಟೇ ಇರಬೇಕು, ಇಪ್ಪತ್ತೈದಕ್ಕೆ ಒಂದು. ಹೊಗೆ ಬಂದೇ ಬರುತ್ತದೆ. ಸವೆದ ಸಿಲಿಂಡರ್ ಕೊರೆಸಿ, ಬೋರು ಮಾಡಿಸಿ ನಾನು ಕೊಡುವ ಪ್ರತಿ ಮೆಷಿನ್ನಿಗೂ ಇದನ್ನೇ ಬಡಿದುಕೊಂಡು ಹೇಳುತ್ತೇನೆ.

‘ನಾನು ಈ ದೋಣಿಯಲ್ಲೇ ಹೋಗುತ್ತೇನೆ’ ಎಂದೆ.

ಸತೀಶಣ್ಣ ಓಡಿ ಬಂದರು. ‘ಬ್ಯಾಡ್ರೀ ಮೇಡಂ. ಹೊಗೆ ಹೆಂಗ್ ಬರ್ತೈತೆ ನೋಡ್ರಿ. ಸಮುದ್ರದಾಗೆ ಏನಾರ ಆದ್ರೆ ನಾನು ಊರಿಗೆ ಹೋಗಿ ಏನ್ ಹೇಳ್ಲಿ?’

‘ಸುಮಾ ಹಟ ಮಾಡಿದಳು ಅಂತ ಹೇಳಿ. ಎಲ್ಲರೂ ನಂಬುತ್ತಾರೆ.’

‘ಎಂತದೇ ಮಾರಾಯ್ತಿ,’ ಶಾರದಕ್ಕ ಮೂಗಿಗೆ ಸೆರಗು ಹಿಡಿದಿದ್ದರು. ‘ಅಂಗಡೀಲಿ ಆ ವಾಸನೆ ಕುಡಿದದ್ದು ಸಾಲ್ದಾ ನಿಂಗೆ?’ ಎಂದು ಬೈಯುತ್ತಲೇ ಹಿಂದೆ ಬಂದರು. ತಮ್ಮನ ಹೆಂಡತಿಯನ್ನು ಒಬ್ಬಳನ್ನೇ ಸಮುದ್ರಕ್ಕೆ ಬಿಡಲು ಅವರ ಮನಸ್ಸು ಒಪ್ಪಲಿಲ್ಲ. ಉಳಿದವರೆಲ್ಲ ಬೇರೆ ದೋಣಿಗಳಲ್ಲಿ ಹೋದರು.

ಹೊರಡುವ ಮೊದಲು ಜೆಸಿಂತಾ ನನಗೆ ಎಣ್ಣೆಯ ಡಬ್ಬಿ ತೋರಿಸಿದಳು. ನಾನು ಬಳಸುವುದಕ್ಕಿಂತ ಬೇರೆ ಬಣ್ಣ, ಬೇರೆ ವಾಸನೆ. ನಮ್ಮ ಟೂ-ಟಿ ಆಯಿಲ್ ಸಿಗುವುದಿಲ್ಲವೇ ಎಂದೆ. ಅದು ಗಾಳಿಯಲ್ಲಿ ತಣಿಯುವ ಇಂಜಿನ್ನಿಗೆ, ಆಟೋಗೆ. ನೀರಿನಲ್ಲಿ ತಣಿಯುವ ದೋಣಿ ಇಂಜಿನ್ನಿಗೆ ಬೇರೆಯದೇ ಎಣ್ಣೆ ಎಂದು ಕೈಸನ್ನೆಯಲ್ಲಿ ತಿಳಿಸಿದಳು. ಅದು ನನಗೆ ಗೊತ್ತಿರಲಿಲ್ಲ. ನನ್ನ ಅಳತೆಯೆಲ್ಲ ಹುಲ್ಲಿನ ಮೆಷಿನ್ನಿನದು, ಇಲ್ಲಿ ಸ್ವಲ್ಪ ಬಾಯಿ ಮುಚ್ಚಿಕೊಂಡಿರಬೇಕು ಎಂದುಕೊಂಡೆ. ಅಂದುಕೊಂಡ ಹಾಗೆ ಇರಲು ಆಗಲಿಲ್ಲ, ಅದು ಬೇರೆ ಮಾತು.

ನೀರಿನ ಮೇಲೆ

ಹೊಸ ರಿಂಗು ಹಾಕಿದ ಇಂಜಿನ್ನನ್ನು ಜೋರಾಗಿ ಓಡಿಸುವಂತಿಲ್ಲ. ಹೋರಿಯನ್ನು ಮೊದಲ ಸಲ ನೊಗಕ್ಕೆ ಕಟ್ಟಿದ ಹಾಗೆ ಅದನ್ನು ನಿಧಾನವಾಗಿ ಪಳಗಿಸಬೇಕು. ನಮ್ಮ ಪಕ್ಕದಲ್ಲೇ ಬೇರೆ ದೋಣಿಗಳು ನೀರು ಚಿಮ್ಮಿಸಿಕೊಂಡು ಹಾರಿ ಹೋದವು. ಶಿಕಾರಿಪುರದವರೊಬ್ಬರು ಕೈಬೀಸಿ, ‘ಸಂಜಿಗೆ ಸಿಗಾಣ್ರೀ!’ ಎಂದು ಕೂಗಿದರು. ಡಾಲ್ಫಿನ್ನುಗಳೂ ಅವರ ಹಿಂದೆಯೇ ಹೋದವೋ ಏನೋ, ನಮಗೆ ದೂರದಲ್ಲಿ ಒಂದು ಕಪ್ಪು ಬೆನ್ನು ಕಂಡು ಮುಳುಗಿತು. ಎಮ್ಮೆ ಕೆರೆಯಲ್ಲಿ ಮುಳುಗಿದ ಹಾಗಿತ್ತು ಎಂದರು ಶಾರದಕ್ಕ.

ದಡ ಗೆರೆಯಷ್ಟೇ ಕಾಣುತ್ತಿದ್ದಾಗ ಇಂಜಿನ್ನಿನ ದನಿ ಒಡೆಯಿತು. ಎರಡು ಸಿಲಿಂಡರಿನಲ್ಲಿ ಒಂದು ಸೋತಿತ್ತು. ಸ್ವಲ್ಪ ಹೊತ್ತು ಕುಂಟಿ, ಕೆಮ್ಮಿ ನಿಂತೇಬಿಟ್ಟಿತು.

ಇಂಜಿನ್ ನಿಂತ ಮೇಲೆ ಸಮುದ್ರಕ್ಕೆ ಎಷ್ಟು ಸದ್ದಿದೆ ಎಂದು ಗೊತ್ತಾಗುತ್ತದೆ. ದೋಣಿ ಅಡ್ಡ ತಿರುಗಿ ಉರುಳಾಡತೊಡಗಿತು. ದಡದಲ್ಲಿ ಅಷ್ಟು ಜನರ ಮುಂದೆ ಹಟ ಹಿಡಿದವಳು ನಾನು. ಜೊತೆಗೆ ಕೂತಿರುವವರು ಗಂಡನ ಅಕ್ಕ.

‘ಹೇಳಿದ್ನಾ ಇಲ್ವಾ? ಹೇಳಿದ್ನಾ ಇಲ್ವಾ?’ ಶಾರದಕ್ಕ ಎರಡೂ ಕೈಯಲ್ಲಿ ಹಲಗೆ ಹಿಡಿದು ಬೈಯಲು ಶುರು ಮಾಡಿದರು. ನನ್ನನ್ನು, ನನ್ನ ಅಂಗಡಿಯನ್ನು, ಅಂಗಡಿ ಹಾಕಲು ಬಿಟ್ಟ ತಮ್ಮನನ್ನು, ಕೊನೆಗೆ ಸಮುದ್ರವನ್ನು. ಜೆಸಿಂತಾ ಅದಾವುದನ್ನೂ ಕಿವಿಗೆ ಹಾಕಿಕೊಳ್ಳದೆ ಮುಚ್ಚಳ ಎತ್ತಿ, ಪಾನಾ ಹಾಕಿ ಪ್ಲಗ್ಗು ಬಿಚ್ಚಿದಳು. ಎರಡೂ ಒದ್ದೆ, ಎರಡೂ ಕಪ್ಪು. ಎಣ್ಣೆ ಜಾಸ್ತಿ, ಓಟ ನಿಧಾನ. ಹಾಗಾಗುವುದು ಸಹಜವೇ. ಕೆರೆಯಲು ಏನಾದರೂ ಬೇಕಿತ್ತು.

‘ಶಾರದಕ್ಕ, ನಿಮ್ಮ ಸೆರಗಿನ ಪಿನ್ ಕೊಡಿ.’

‘ಸೆರಗು ಜಾರಿದ್ರೆ ನೀನೇ ಹೊಣೆ’ ಎಂದು ಕಿತ್ತು ಕೊಟ್ಟರು. ನಾನು ಒಂದನ್ನು ಕೆರೆದೆ, ಜೆಸಿಂತಾ ಇನ್ನೊಂದನ್ನು. ಹಾಕಿ ಹಗ್ಗ ಎಳೆದಳು. ಹಿಡಿಯಿತು. ಸ್ವಲ್ಪ ದೂರ ಹೋಗಿ ಮತ್ತೆ ನಿಂತಿತು.

ಆಗಲೇ ಫ್ರೆಡ್ಡಿಯ ಕಡೆಯ ದೋಣಿಯೊಂದು ವಾಪಸು ಬರುತ್ತಾ ನಮ್ಮನ್ನು ಕಂಡು ನಿಂತಿತು. ಅದರಲ್ಲಿ ನಮ್ಮ ತಂಡದವರೇ ಇದ್ದರು, ಕೆಲವರು ಮೊಬೈಲ್ ಎತ್ತಿ ಹಿಡಿದಿದ್ದರು. ಅದರ ಅಂಬಿಗ, ಹೆಂಗಸರಿಬ್ಬರೂ ಈ ಕಡೆ ದಾಟಿ ಬನ್ನಿ, ದೋಣಿಯನ್ನು ಹಗ್ಗ ಕಟ್ಟಿ ಎಳೆದೊಯ್ಯುತ್ತೇನೆ ಎಂದ. ಜೆಸಿಂತಾ ಹಗ್ಗದ ಕಡೆ ನೋಡಲೂ ಇಲ್ಲ. ನನ್ನನ್ನು ನೋಡಿ ಮಾತ್ರ, ನೀವು ಬೇಕಾದರೆ ಹೋಗಿ ಎಂದು ಕೈ ತೋರಿಸಿದಳು.

‘ನಾನು ಬರುವುದಿಲ್ಲ. ಶಾರದಕ್ಕ, ನೀವು ಹೋಗಿ’ ಎಂದೆ.

ಶಾರದಕ್ಕ ಎದ್ದು ನಿಂತರು. ಎರಡು ದೋಣಿಗಳ ನಡುವಿನ ನೀರು ಒಮ್ಮೆ ಅಗಲವಾಗುತ್ತಿತ್ತು, ಒಮ್ಮೆ ಮುಚ್ಚಿಕೊಳ್ಳುತ್ತಿತ್ತು. ಅದನ್ನೇ ನೋಡಿದರು. ‘ಇಲ್ಲಿಂದ ಅಲ್ಲಿಗೆ ಹಾರೋಕೆ ನಾನೆಂತ ಕಪ್ಪೆಯಾ?’ ಎಂದು ಕೂತುಬಿಟ್ಟರು. ‘ಹೋಗ್ರೋ ನೀವು! ನಮ್ಮದು ನಾವು ನೋಡ್ಕೋತೀವಿ!’

ಆ ದೋಣಿ ಹೋಯಿತು. ಈಗ ನನಗೊಂದು ಉಪಾಯ ಹೊಳೆಯಿತು. ಜೆಸಿಂತಾಳ ಬಳಿ ಇನ್ನೊಂದು ಕ್ಯಾನಿನಲ್ಲಿ ಬರೀ ಪೆಟ್ರೋಲ್ ಇತ್ತು. ಅದನ್ನು ಸೇರಿಸಿ ಎಣ್ಣೆಯನ್ನು ತೆಳು ಮಾಡು, ಮಸಿ ಹಿಡಿಯುವುದಿಲ್ಲ, ದಡ ಮುಟ್ಟಿಬಿಡಬಹುದು ಎಂದೆ. ಕ್ಯಾನಿಗೆ ಕೈಯನ್ನೂ ಹಾಕಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

‘ವೇಂಡಾಂ’ ಎಂದಳು. ಬೇಡ. ಆಮೇಲೆ ತಮಿಳಿನಲ್ಲಿ ನಿಧಾನವಾಗಿ, ನನಗೆ ತಿಳಿಯುವ ಹಾಗೆ ಹೇಳಿದಳು: ಇವತ್ತು ದಡ ಮುಟ್ಟುತ್ತೇವೆ, ನಿಜ. ರಿಂಗು ಕೆಟ್ಟರೆ ನಾಳೆ? ನೀವು ನಾಳೆ ಇಲ್ಲಿಂದ ಹೋಗುತ್ತೀರಿ. ಈ ಇಂಜಿನ್ನಿನ ಜೊತೆ ಇರುವವಳು ನಾನು.

ನನಗೆ ಸಿಟ್ಟು ಬಂತು. ಅವಳ ಪರವಾಗಿ ಅಷ್ಟು ವಾದಿಸಿದವಳು ನಾನು, ನನ್ನ ಮಾತನ್ನೇ ಕೇಳುವುದಿಲ್ಲವಲ್ಲ ಎಂದು. ಆದರೆ ಅಂಗಡಿಯಲ್ಲಿ ನನ್ನೆದುರು ಇದೇ ಮಾತಾಡುವ ಗಿರಾಕಿಗೆ ನಾನೇನು ಹೇಳುತ್ತಿದ್ದೆ? ಕ್ಯಾನಿನಿಂದ ಕೈ ತೆಗೆದೆ. ಮತ್ತೆ ಪ್ಲಗ್ಗು ಬಿಚ್ಚಿ, ಮತ್ತೆ ಕೆರೆದು, ಪೆಟ್ರೋಲಿನಲ್ಲಿ ತೊಳೆದು, ಶಾರದಕ್ಕನ ಸೆರಗಿನ ತುದಿಯಲ್ಲೇ ಒರೆಸಿದೆವು. ಈ ಸಲ ಜೆಸಿಂತಾ ಇಂಜಿನ್ನನ್ನು ಒಂದೇ ಸಮ ಓಡಿಸಲಿಲ್ಲ. ಆಗಾಗ ಒಂದು ಗಳಿಗೆ ವೇಗ ಕೊಟ್ಟು, ಮಸಿ ಉದುರಿಸಿ, ಮತ್ತೆ ಇಳಿಸುತ್ತಾ ಬಂದಳು. ಮತ್ತೆ ನಿಲ್ಲಲಿಲ್ಲ. ದಡ ದೊಡ್ಡದಾಗುತ್ತಾ ಬಂತು, ಮರಗಳು ಕಂಡವು, ಆಮೇಲೆ ಜನ.

ಜೆಸಿಂತಾಳ ಮನೆ

ಸಂಜೆ ಅವಳು ನಮ್ಮಿಬ್ಬರನ್ನೂ ಮನೆಗೆ ಕರೆದಳು. ದಡದ ಹಿಂದೆಯೇ ಎರಡು ಕೋಣೆಯ ಮನೆ, ಗೋಡೆಯ ಮೇಲೆ ಮೇರಿಯಮ್ಮನ ಪಟ, ಅಂಗಳದಲ್ಲಿ ಬಲೆ. ಹಾಲಿಲ್ಲದ ಚಹಾ ಕೊಟ್ಟು ಅಂಗೈಗೊಂದು ತುಂಡು ಬೆಲ್ಲ ಇಟ್ಟಳು. ಶಾರದಕ್ಕ ಬೆಲ್ಲವನ್ನು ಚಹಾದೊಳಗೆ ಹಾಕಿ ಬೆರಳಿನಿಂದ ಕದಡಿದರು. ಹಾಗಲ್ಲ, ಬೆಲ್ಲ ಕಚ್ಚಿಕೊಂಡು ಚಹಾ ಹೀರಬೇಕು ಎಂದು ಜೆಸಿಂತಾ ತೋರಿಸಿದಳು. ಹಾಗೂ ಮಾಡಿ ನೋಡಿದರು. ‘ಇದೂ ಆಗ್ತದೆ’ ಎಂದರು. ಅವರ ಮಟ್ಟಿಗೆ ಅದು ದೊಡ್ಡ ಹೊಗಳಿಕೆ.

ದೋಣಿ ಅವಳದು ಮತ್ತು ಅವಳ ತಮ್ಮನದು. ತಮ್ಮ ಕೆಲಸಕ್ಕೆಂದು ಬೇರೆ ದೇಶಕ್ಕೆ ಹೋದ. ದೋಣಿ ಮಾರು ಎಂದರು ಎಲ್ಲರೂ. ಮಾರಲಿಲ್ಲ. ತಾನೇ ಇಂಜಿನ್ ಹಿಡಿದಳು, ತಾನೇ ಪಿಸ್ಟನ್ ಹಾಕಿಸಿದಳು. ತಮ್ಮ ಹೋದಂದಿನಿಂದ ಪಾಳಿ ಕೊಡದಿರಲು ಫ್ರೆಡ್ಡಿ ದಿನಕ್ಕೊಂದು ಕಾರಣ ಹೇಳುತ್ತಾನೆ. ‘ಗಂಡಸರ ಇಂಜಿನ್ ನಿಂತರೆ ಪ್ಲಗ್ಗಿನ ತಪ್ಪು. ನನ್ನದು ನಿಂತರೆ ನನ್ನ ತಪ್ಪು’ ಎಂದಳು. ಇದನ್ನು ಶಾರದಕ್ಕನಿಗೆ ನಾನು ಕನ್ನಡ ಮಾಡಿ ಹೇಳಬೇಕಾಗಲಿಲ್ಲ.

ತಂಗಿದ್ದಲ್ಲಿಗೆ ವಾಪಸು ಬಂದಾಗ ಸತೀಶಣ್ಣ ಗೇಟಿನಲ್ಲೇ ಕಾಯುತ್ತಿದ್ದರು. ‘ಸಮಾಧಾನ ಆತಲ್ಲ? ಫ್ರೆಡ್ಡಿ ಎಲ್ಲಾ ಹೇಳಿದ. ಪಾಪ, ಶಾರದಕ್ಕಾರು ಸಮುದ್ರದಾಗೆ ಹೆದರಿ ಅಳ್ತಾ ಕುಂತಿದ್ರಂತೆ.’

ಶಾರದಕ್ಕ ನಿಂತಲ್ಲೇ ನಿಂತರು. ‘ಯಾರು ಅತ್ತಿದ್ದು?’

‘ಅಲ್ರೀ, ಹೆದರೋದು ಸಹಜ…’

‘ನಾನು ಬೈದಿದ್ದು. ಅತ್ತಿದ್ದಲ್ಲ. ಎರಡಕ್ಕೂ ವ್ಯತ್ಯಾಸ ಗೊತ್ತಿಲ್ವಾ ಅವನಿಗೆ?’ ಗಂಡ ತೀರಿಕೊಂಡಾಗಲೂ ಮಂದಿಯೆದುರು ಅತ್ತವರಲ್ಲ ಅವರು, ನಾನು ಕಂಡಿದ್ದೇನೆ. ಆ ರಾತ್ರಿ ಊಟಕ್ಕೆ ಕೂತಾಗಲೂ ಅದನ್ನೇ ಹೇಳುತ್ತಿದ್ದರು.

ಹೊರಡುವ ಬೆಳಿಗ್ಗೆ

ಮರುದಿನ ತಿಂಡಿ ಮುಗಿಸಿ ನಾವು ಬೆಟ್ಟದ ಸೀಮೆಗೆ ಹೊರಡಬೇಕಿತ್ತು. ಬಸ್ಸಿನ ಮೇಲೆ ಚೀಲ ಏರಿಸುತ್ತಿದ್ದಾಗ ದಡದಿಂದ ಗಲಾಟೆ ಕೇಳಿಸಿತು. ನಾನು ಓಡಿದೆ, ಹಿಂದೆ ಶಾರದಕ್ಕ.

ಸಾಲಿನ ತುದಿಯಲ್ಲಿ, ಎಲ್ಲರಿಗಿಂತ ಮುಂದೆ, ಜೆಸಿಂತಾಳ ದೋಣಿ ನಿಂತಿತ್ತು. ಬೆಳಕು ಹರಿಯುವ ಮುಂಚೆಯೇ ತಂದು ನಿಲ್ಲಿಸಿದ್ದಳಂತೆ. ಫ್ರೆಡ್ಡಿ ಹಿಂದಕ್ಕೆ ಎಳೆ ಎಂದು ಕೂಗಾಡುತ್ತಿದ್ದ. ಅವಳು ದೋಣಿಯಲ್ಲಿ ಕೂತೇ ಇದ್ದಳು. ಸುತ್ತ ಅಂಬಿಗರು, ಕೊಲಂಬೊ ಕಡೆಯಿಂದ ಬಂದಿದ್ದ ಒಂದು ಸಂಸಾರ.

ನನ್ನನ್ನು ಕಂಡ ಫ್ರೆಡ್ಡಿ ದನಿ ತಗ್ಗಿಸಿ ಇಂಗ್ಲಿಷಿನಲ್ಲಿ ಹೇಳಿದ: ನಾನೇನು ಕೆಟ್ಟವನಲ್ಲ. ಎಣ್ಣೆ ಅರ್ಧ ಮಾಡಲಿ. ಹೊಗೆ ನಿಲ್ಲುತ್ತದೆ, ಜನ ಹೆದರುವುದಿಲ್ಲ, ಪಾಳಿ ಕೊಡುತ್ತೇನೆ. ನೀವಾದರೂ ಬುದ್ಧಿ ಹೇಳಿ.

ಕೇಳಲು ನ್ಯಾಯವಾಗಿಯೇ ಇತ್ತು. ಹಾಗೆ ಮಾಡಿದರೆ ಕೆಲವೇ ದಿನಗಳಲ್ಲಿ ಹೊಸ ಪಿಸ್ಟನ್ ಮೈತುಂಬ ಗೀರು ಬಿದ್ದು ಹೊರಬರುತ್ತದೆ. ಆಮೇಲೆ ದೋಣಿಯೂ ಇಲ್ಲ, ಪಾಳಿಯೂ ಇಲ್ಲ. ನಾನು ಬಾಯಿ ತೆರೆಯುವ ಮೊದಲೇ ಜೆಸಿಂತಾ ಎದ್ದು ನಿಂತಳು. ಅಳತೆಯ ಡಬ್ಬಿಯನ್ನು ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿ ಹಿಡಿದಳು. ಹತ್ತು ಲೀಟರ್ ಪೆಟ್ರೋಲಿನ ಕ್ಯಾನಿಗೆ ನಾನೂರು ಮಿಲಿ ಎಣ್ಣೆ, ಇಪ್ಪತ್ತೈದಕ್ಕೆ ಒಂದು, ಕೊನೆಯ ಹನಿಯ ತನಕ ಸುರಿದಳು. ಮುಚ್ಚಳ ಬಿಗಿದು ಕ್ಯಾನನ್ನು ಕುಲುಕಿದಳು.

ಫ್ರೆಡ್ಡಿ ಜನರ ಕಡೆ ತಿರುಗಿ, ಈ ದೋಣಿಗೆ ಯಾರೂ ಹತ್ತುವುದಿಲ್ಲ ಎಂದ.

ನನ್ನ ಪಕ್ಕದಿಂದ ಶಾರದಕ್ಕ ಹೊರಟರು. ಚಪ್ಪಲಿ ಕೈಗೆ ತೆಗೆದುಕೊಂಡು, ಸೀರೆ ಎತ್ತಿ ಸಿಕ್ಕಿಸಿ, ನೀರಿಗೆ ಇಳಿದರು. ಬಸ್ಸು ಹಾರನ್ ಹೊಡೆಯಿತು. ‘ಶಾರದಕ್ಕಾರೇ, ಟೈಮಾತ್ರೀ! ಎಲ್ಲಾರೂ ಕಾಯಾಕ್ ಹತ್ಯಾರೆ!’ ಎಂದು ಸತೀಶಣ್ಣ ಕೂಗಿದರು.

‘ಕಾಯ್ಲಿ! ನಿನ್ನೆ ಅತ್ತೋಳು ಇವತ್ತು ಹೆಂಗೆ ಹೋಗ್ತಾಳೆ ನೋಡ್ಲಿ!’ ಎಂದು ಹಿಂತಿರುಗಿ ನೋಡದೆಯೇ ಉತ್ತರಿಸಿದರು. ಜೆಸಿಂತಾ ಕೈ ಕೊಟ್ಟಳು. ಶಾರದಕ್ಕ ಹತ್ತಿ, ನಡುವಿನ ಹಲಗೆಯ ಮೇಲೆ ಕೂತು, ಕಿತ್ತಳೆ ಬಣ್ಣದ ಲೈಫ್ ಜಾಕೀಟನ್ನು ಸೀರೆಯ ಮೇಲೆ ಬಿಗಿದುಕೊಂಡರು. ನಾನೂ ಹತ್ತಿದೆ. ಕೊಲಂಬೊದ ಸಂಸಾರದ ಅಜ್ಜಿ ಶಾರದಕ್ಕನನ್ನೇ ನೋಡುತ್ತಿದ್ದವಳು ಮಗನ ತೋಳು ಹಿಡಿದು ನಮ್ಮ ದೋಣಿ ತೋರಿಸಿದಳು. ಮಗ ಏನೋ ಹೇಳಲು ಹೋದ, ಅವಳು ಕೇಳಲಿಲ್ಲ. ಅವರೂ ಬಂದು ಹತ್ತಿದರು. ದೋಣಿ ತುಂಬಿತು.

ಆದರೆ ತುಂಬಿದ ದೋಣಿ ಮರಳಿನಿಂದ ತಾನಾಗಿ ಕದಲುವುದಿಲ್ಲ. ಯಾರಾದರೂ ಮೂತಿಗೆ ಕೈ ಕೊಡಬೇಕು. ಅಂಬಿಗರು ಫ್ರೆಡ್ಡಿಯ ಮುಖ ನೋಡುತ್ತಾ ನಿಂತರು. ಫ್ರೆಡ್ಡಿ ಅಜ್ಜಿಯನ್ನು ನೋಡಿದ, ಅವಳ ಮಗನನ್ನು ನೋಡಿದ.

‘ಎಂತ ನೋಡ್ತಾ ನಿಂತಿದೀಯ?’ ಶಾರದಕ್ಕನ ದನಿ ಉಳವಿಯ ಗದ್ದೆಯಾಚೆಗೂ ಕೇಳುವಂತಿತ್ತು. ‘ದೂಡು!’

ಫ್ರೆಡ್ಡಿಗೆ ಕನ್ನಡ ಬರುವುದಿಲ್ಲ. ಅವನು ಪ್ಯಾಂಟು ಮಡಚಿ, ಮೊಣಕಾಲುದ್ದ ನೀರಿಗೆ ಇಳಿದು, ಎರಡೂ ಕೈ ಕೊಟ್ಟು, ಹಲ್ಲು ಕಚ್ಚಿ ದೂಡಿದ.